ಆರನೇ ಗಂಟು ದಾಟಿದ ಉಂಗುರ

ಕಾಂತರಾಜು ಬ್ಲೇಡನ್ನು ಉಡುದಾರದ ಕೆಳಗೆ ತೂರಿಸುವಷ್ಟರಲ್ಲಿ ಕೋಮಲಾ ಅವನ ಮುಂಗೈ ಹಿಡಿದಳು.

"ಕುಯ್ಬೇಡ ಚಿಕ್ಕಪ್ಪ."

"ಬಿಡು ಮಗಾ. ಉಡುದಾರ ಕಟ್ಕೊಂಡು ಮಣ್ಣಿಗೆ ಹೋಗಬಾರ್ದು. ನಮ್ಮಪ್ಪಂಗೂ ನಾನೇ ಕುಯ್ದಿದ್ದು."

"ಆಮೇಲೆ ನಾನೇ ಬಿಚ್ತೀನಿ. ಈಗ ಯಾರೂ ಅದ್ನ ಮುಟ್ಟಬೇಡಿ."

ಅಂಗಳದ ಬೆಂಚಿನ ಮೇಲೆ ಮಲಗಿಸಿದ್ದ ಗಿರಿಯಪ್ಪನ ಮೈಗೆ ಆಗಷ್ಟೇ ನೀರು ಹಾಕಿ ಒರೆಸಿದ್ದರು. ಹುಬ್ಬಿನ ಮೇಲಿನ ಗಾಯ ತೊಳೆದ ಮೇಲೆ ಚಿಕ್ಕದಾಗಿ ಕಾಣುತ್ತಿತ್ತು. ಸೊಂಟದಲ್ಲಿ ಕಿರುಬೆರಳು ದಪ್ಪದ ಕಪ್ಪು ಉಡುದಾರ, ಅದರ ಉದ್ದಕ್ಕೂ ಹನ್ನೊಂದು ಗಂಟು, ಎರಡು ಗಂಟುಗಳ ನಡುವೆ ಒಂದು ಹಿತ್ತಾಳೆ ಉಂಗುರ. ಹಿಂದಿನ ದಿನ ಶವಪರೀಕ್ಷೆ ಮಾಡಿದವರೂ ಅದನ್ನು ಬಿಚ್ಚುವ ಗೋಜಿಗೆ ಹೋಗದೆ, ಕೆಳಕ್ಕೆ ಸರಿಸಿ ಕೆಲಸ ಮುಗಿಸಿದ್ದರು.

ಶಾಮಿಯಾನದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಹೊನ್ನೇಶ್ ಫೈಲಿನಿಂದ ಒಂದು ಹಾಳೆ ತೆಗೆದ. "ನಿನ್ನೆ ನಿನ್ನ ಹೇಳಿಕೆ ತಗೊಳ್ಳೋಕೆ ಆಗ್ಲಿಲ್ಲಮ್ಮ. ನಾನೇ ಬರ್ಕೊಂಡು ಬಂದಿದೀನಿ. ಮಣ್ಣಿಗೆ ಹೊರಡೋ ಮುಂಚೆ ಒಂದು ಸೈನ್ ಹಾಕ್ಬಿಡು."

ಕೋಮಲಾ ಊರಿನ ಅಂಚೆ ಹಂಚುವವಳು. ಯಾರ ಕೈಬರಹವಾದರೂ ಒಂದೇ ನೋಟಕ್ಕೆ ಓದುವ ಅಭ್ಯಾಸ. 'ನನ್ನ ತಂದೆಯಾದ ಗಿರಿಯಪ್ಪ, 62 ವರ್ಷ, ಅಂಧರಾಗಿದ್ದು, ಗುರುವಾರ ಬೆಳಿಗ್ಗೆ 6.40ರ ಸುಮಾರಿಗೆ ಬಸ್ಸಿಗೆ ಹೋಗುವಾಗ ದಾರಿ ತಪ್ಪಿ, ಕಾಮಗಾರಿಗಾಗಿ ಬಂದ್ ಮಾಡಿದ್ದ ಜಾಗಕ್ಕೆ ಹೋಗಿ, ಆಯತಪ್ಪಿ ಬಿದ್ದು ಮೃತಪಟ್ಟಿರುತ್ತಾರೆ. ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ.' ಬೆಳಿಗ್ಗೆ ಬಂದ ಪತ್ರಿಕೆಯ ಒಳಪುಟದಲ್ಲೂ ಇವೇ ಶಬ್ದಗಳಿದ್ದವು, ಮೂರು ಸಾಲು.

"ದಾರಿ ತಪ್ಪಿ ಅಂತ ನಿಮಗೆ ಯಾರು ಹೇಳಿದ್ದು?"

"ಕಣ್ಣಿಲ್ಲದ ಮನುಷ್ಯ ಚರಂಡಿಗೆ ಬಿದ್ರೆ ಇನ್ನೇನಂತ ಬರೀಲಮ್ಮ?"

"ನಾನಂತೂ ಬಂದ್ ಮಾಡಿಸಿದ್ದೆ ತಾಯಿ. ಕೆಂಪು ಟೇಪು ಎಳೆಸಿದ್ದೆ." ಹೀಗೆಂದವನು ಓಂಕಾರೇಶ್. ಚರಂಡಿ ಕಾಮಗಾರಿಯ ಗುತ್ತಿಗೆದಾರ. ಶಾಮಿಯಾನ ಅವನದೇ. ಹೆಣದ ಕೊರಳಿಗೆಂದು ತಂದು ತಂತಿಗೆ ತೂಗುಹಾಕಿದ್ದ ಹಾರಗಳಲ್ಲಿ ಎಲ್ಲಕ್ಕಿಂತ ದೊಡ್ಡದೂ ಅವನದೇ.

*

ಗಿರಿಯಪ್ಪನಿಗೆ ಕಣ್ಣು ಹೋದದ್ದು ಮೂವತ್ತನಾಲ್ಕನೇ ವರ್ಷಕ್ಕೆ. ಅದಕ್ಕೆ ಮೊದಲು ಅವನು ಉಡುದಾರ, ಕಾಶಿದಾರ ಹೆಣೆದು ಅಜ್ಜಂಪುರದ ಸಂತೆಯಲ್ಲಿ ಮಾರುತ್ತಿದ್ದ. ಕಣ್ಣು ಹೋದ ಮೇಲೆ ಎರಡು ವರ್ಷ ಹೊಸಿಲು ದಾಟಲಿಲ್ಲ. ಆಮೇಲೆ ದಾರಿಯ ಗುರುತಿಗೆಂದು ಗಂಟು ಹಾಕಿದ ಹಗ್ಗವೊಂದನ್ನು ಮಾಡಿ ಕೈಯಲ್ಲಿ ಹಿಡಿದು ನೋಡಿದ. ಒಂದು ಕೈಗೆ ಕೋಲು, ಇನ್ನೊಂದಕ್ಕೆ ಚೀಲ. "ಮೂರನೇ ಕೈ ಎಲ್ಲಿಂದ ತರ್ಲಿ?" ಎಂದು ಹಗ್ಗವನ್ನು ಮೂಲೆಗೆಸೆದ.

ಎಂಟು ವರ್ಷದ ಕೋಮಲಾ ಒಂದು ದಿನ ಅವನ ಕೈ ಹಿಡಿದು ಗಿರಣಿಯ ಪಕ್ಕದ ಸಂದಿಯಲ್ಲಿ ಕರೆದುಕೊಂಡು ಹೋಗುತ್ತಿದ್ದಳು. ಅವನು ತಟ್ಟನೆ ನಿಂತ.

"ಇಲ್ಲಿ ಸೊಂಟ ಬಿಗ್ದಂಗೆ ಆಗಲ್ವೇನೇ?"

"ನಂಗೇನೂ ಆಗ್ತಿಲ್ಲಪ್ಪ."

"ನಿಂಗೆ ಕಣ್ಣೈತೆ. ಎರಡೂ ಕಡೆ ಗೋಡೆ ಕಂಡ್ಬಿಡ್ತು, ಮೈಗೆ ಕೆಲಸಾನೇ ಇಲ್ಲ. ಮುಚ್ಚು ನೋಡಾನ."

ಅವಳು ಕಣ್ಣು ಮುಚ್ಚಿದಳು. ಹೌದು, ಪಕ್ಕೆಗಳು ತಾವಾಗಿಯೇ ಒಳಕ್ಕೆ ಎಳೆದುಕೊಂಡವು. ಸಂದಿ ಮುಗಿದು ಬಯಲಿಗೆ ಬಂದೊಡನೆ ಮತ್ತೆ ಸಡಿಲಾದವು.

ಅವತ್ತಿನಿಂದ ಗಿರಿಯಪ್ಪ ಉಡುದಾರದಲ್ಲೇ ದಾರಿ ಹೆಣೆಯತೊಡಗಿದ. ಸಂದಿ ಬಂದಲ್ಲಿ ಬಿಗಿ ಹೆಣಿಗೆ, ಬಯಲಲ್ಲಿ ಸಡಿಲ. ಇಳಿಜಾರಿನಲ್ಲಿ ಎಳೆ ತೆಳ್ಳಗಾಗುತ್ತ ಹೋಗುತ್ತಿತ್ತು. ಕಲ್ಲಿನ ಚಪ್ಪಡಿಗೆ ತಾಮ್ರದ ತಂತಿ ಸುತ್ತಿದ ಗಟ್ಟಿ ಗಂಟು. ಮಗಳ ಸೊಂಟಕ್ಕೆ ಕಟ್ಟಿ ಕಣ್ಣು ಮುಚ್ಚಿಸಿ ನಡೆಸುವನು, ಅವಳು ತಡವರಿಸಿದರೆ ಅಷ್ಟೂ ಬಿಚ್ಚಿ ಮತ್ತೆ ಹೆಣೆಯುವನು. "ಕಳ್ಳಾಟ ಆಡ್ಬೇಡ, ಕಣ್ಣು ಬಿಟ್ಟಿದ್ದು ನಂಗೆ ಗೊತ್ತಾಯ್ತದೆ" ಎಂದು ಗದರುವನು. ಉಂಗುರದ ಉಪಾಯ ಹೊಳೆದದ್ದು ಕೊನೆಗೆ. ಒಂದೊಂದು ಗುರುತು ದಾಟಿದಾಗಲೂ ಹೆಬ್ಬೆರಳಿನಿಂದ ಒತ್ತಿ ಅದನ್ನು ಒಂದು ಗಂಟು ದಾಟಿಸಬೇಕು. ಒತ್ತದೆ ಅದು ತಾನಾಗಿ ಜಾರುವುದಿಲ್ಲ, ಓಡಿದರೂ ಜಾರುವುದಿಲ್ಲ. ದಾರಿ ತಪ್ಪಿತೆನಿಸಿದರೆ ಉಂಗುರವನ್ನು ಹಿಂದಕ್ಕೆ ತಳ್ಳಿ, ಹಿಂದಿನ ಗುರುತಿಗೆ ಮರಳಬೇಕು.

ಇಪ್ಪತ್ತೈದು ವರ್ಷದಲ್ಲಿ ಅವನು ಹೆಣೆದದ್ದು ನಲವತ್ತಾರು. ಒಬ್ಬರಿಗೆ ಒಂದು, ಅವರು ದಿನಾ ನಡೆಯುವ ದಾರಿಗೆ ತಕ್ಕಂತೆ. ಹೆಣೆಯುವ ಮೊದಲು ಆ ದಾರಿಯನ್ನು ತಾನೇ ನಡೆದು ಬರುತ್ತಿದ್ದ. ತರೀಕೆರೆ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಮಾರುವವನಿಗೊಂದು, ಹಿರೇನಲ್ಲೂರಿನ ನಿವೃತ್ತ ಮೇಷ್ಟರಿಗೊಂದು.

*

ಸಿಂಗಟಗೆರೆಯ ದ್ಯಾವಮ್ಮನ ಉಡುದಾರಕ್ಕೆ ಹತ್ತೊಂಬತ್ತು ಗಂಟು. ಎರಡು ಬಸ್ಸು ಬದಲಿಸಿ ಗಿರಿಯಪ್ಪನ ಮನೆಗೆ ಬರುವ ದಾರಿ ಅದು. ತಿಂಗಳಿಗೊಮ್ಮೆ ಬಂದು ಹೆಣಿಗೆ ಕಲಿತು ಹೋಗುತ್ತಿದ್ದಳು. ಈ ದಿನವೂ ಒಬ್ಬಳೇ ಬಂದಿದ್ದಳು.

"ನಾನೊಂದ್ಸಲ ಮುಟ್ಲೇನವ್ವ?" ಎಂದಳು.

ಕೋಮಲಾ ಅವಳ ಕೈಯನ್ನು ತಂದೆಯ ಸೊಂಟಕ್ಕೆ ತಂದಿಟ್ಟಳು. ದ್ಯಾವಮ್ಮನ ಬೆರಳು ಗಂಟಿನಿಂದ ಗಂಟಿಗೆ ನಡೆದು ಉಂಗುರದ ಹತ್ತಿರ ನಿಂತಿತು.

"ಆರು ದಾಟೈತೆ. ಏಳಕ್ಕೆ ಬಂದಿಲ್ಲ."

"ಅಂದ್ರೆ?" ಎಂದ ಹೊನ್ನೇಶ್.

"ಆರು ಅಂದ್ರೆ ಹಿಟ್ಟಿನ ಗಿರಣಿ," ಕೋಮಲಾ ಹೇಳಿದಳು. "ಏಳು ಚರಂಡಿ ಚಪ್ಪಡಿ. ಮಧ್ಯ ಹನ್ನೆರಡು ಹೆಜ್ಜೆ. ದಾರಿ ತಪ್ಪಿದ್ರೆ ಉಂಗುರ ಹಿಂದಕ್ಕೆ ತಳ್ತಿದ್ದ. ತಳ್ಳಿಲ್ಲ. ನಮ್ಮಪ್ಪ ಸರಿಯಾದ ದಾರೀಲೇ ಇದ್ದ. ಇಲ್ದೇ ಇದ್ದಿದ್ದು ಚಪ್ಪಡಿ."

"ಟೇಪು ಇತ್ತಲ್ಲ ತಾಯಿ…"

"ಏನಪ್ಪಾ, ಕೆಂಪು ಟೇಪು ಅಂದ್ಯಾ?" ದ್ಯಾವಮ್ಮ ದನಿ ಬಂದ ಕಡೆ ಮುಖ ತಿರುಗಿಸಿದಳು. "ಕೆಂಪು ಅಂದ್ರೆ ಹೆಂಗಿರ್ತದೆ ಒಸಿ ಹೇಳು. ಹುಟ್ಟಿದಾಗಿಂದ ಕೇಳ್ತಾನೇ ಇದೀನಿ."

ಯಾರೋ ಕಿಸಕ್ಕೆಂದು ನಕ್ಕು, ಸಾವಿನ ಮನೆ ನೆನಪಾಗಿ ಕೆಮ್ಮಿದರು. ದ್ಯಾವಮ್ಮ ಬಿಡಲಿಲ್ಲ. "ಬೆಳಿಗ್ಗೆ ನಾನೂ ಅಲ್ಲೇ ಬಂದೆ. ಚಪ್ಪಡಿ ಸಿಗ್ಲಿಲ್ಲ. ಮೆತ್ತಗೆ ಮಣ್ಣು ಸಿಕ್ತು, ಪಾದ ಮುಳುಗ್ತು."

"ಮುಚ್ಚಿಸೀನಲ್ಲ ಅದ್ಕೇ!" ಓಂಕಾರೇಶನ ದನಿ ಏರಿತು. "ಐದು ಗಂಟೆಗೇ ಜೆಸಿಬಿ ತರಿಸಿ ಮುಚ್ಚಿಸ್ದೆ. ಹೆಣ ಸಲೀಸಾಗಿ ಹೋಗ್ಲಿ ಅಂತ."

ಹೊನ್ನೇಶ್ ಹಾಳೆಯನ್ನು ಮೊಣಕಾಲ ಮೇಲೆ ತಟ್ಟಿದ. "ಈಗ ತೋರ್ಸೋಕೆ ಗುಂಡೀನೇ ಇಲ್ಲ. ಗುಂಡಿ ಎಲ್ಲಿತ್ತು, ಎಷ್ಟು ಆಳ ಅಂತ ಯಾರನ್ನ ಕೇಳ್ಲಿ? ಉಂಗುರ ಹೇಳ್ತು ಅಂತ ಬರ್ದ್ರೆ ಸಾಹೇಬ್ರು ನಗ್ತಾರೆ."

ಕಾಂತರಾಜು ಅವಳನ್ನು ಪಕ್ಕಕ್ಕೆ ಕರೆದ. "ಸೈನ್ ಹಾಕು ಮಗಾ. ಓಂಕಾರೇಶಣ್ಣನ ಟ್ರ್ಯಾಕ್ಟರ್ ಓಡ್ಸೋದು ನಾನು. ನಾಳೆ ಬೆಳಿಗ್ಗೆ ಅವರ ಮುಖಾನೇ ನೋಡ್ಬೇಕು. ಹೋದೋನು ಬತ್ತಾನಾ?"

*

ಸೋಮವಾರ ಅಂಚೆ ಚೀಲ ಹಿಡಿದು ಬರುವಾಗಲೇ ಕೋಮಲಾ ಚಪ್ಪಡಿ ಕಿತ್ತದ್ದನ್ನು ನೋಡಿದ್ದಳು. ಅಲ್ಲೇ ನಿಂತು ಓಂಕಾರೇಶನಿಗೆ ಫೋನ್ ಮಾಡಿದಳು. "ಅಣ್ಣಾ, ಒಂದು ಹಲಗೆ ಹಾಕ್ಸಿ. ನಮ್ಮಪ್ಪ ಗುರುವಾರ ಅಜ್ಜಂಪುರಕ್ಕೆ ಹೋಗ್ತಾನೆ." ನಾಳೆ ಹಾಕಿಸುತ್ತೇನೆಂದ. ಮಂಗಳವಾರ ಮತ್ತೆ ಮಾಡಿದಳು. ಬುಧವಾರ ಸಂಜೆ ಫೋನ್ ಎತ್ತಿದವನೇ, "ಆಯ್ತು ಕಣಮ್ಮ, ಹಾಕ್ಸಾಯ್ತು. ಎಷ್ಟು ಸಲ ಫೋನ್ ಮಾಡ್ತೀಯ?" ಎಂದ.

ಮನೆಯಿಂದ ಗಿರಣಿ ಇನ್ನೂರು ಹೆಜ್ಜೆ ಇರಬಹುದು. ಅವಳು ಹೋಗಿ ನೋಡಲಿಲ್ಲ. ರೊಟ್ಟಿ ಬೇಯಿಸುತ್ತ, "ಚಪ್ಪಡಿ ಜಾಗದಲ್ಲಿ ಹಲಗೆ ಹಾಕವ್ರಂತೆ ಕಣಪ್ಪ" ಎಂದು ತಂದೆಗೆ ಹೇಳಿದಳು. ಹಲಗೆ ಎಂದರೆ ಕಾಲಿಗೆ ಟೊಳ್ಳು ಸದ್ದು ಬರುತ್ತದಲ್ಲ, ಗಂಟು ಬದಲಿಸುವುದು ಬೇಡ ಎಂದು ಅವನು ನಕ್ಕಿದ್ದ. ಮರುದಿನ ಆರಕ್ಕೆಲ್ಲ ಅವಳು ಅಂಚೆ ತರಲು ಊರಿನ ಇನ್ನೊಂದು ತುದಿಗೆ ಹೋಗಿ ಆಚೆ ದಿಕ್ಕಿನ ಬಸ್ಸು ಹತ್ತಿದ್ದಳು.

*

ಕೋಮಲಾ ಉಡುದಾರವನ್ನು ಉಗುರಿನಿಂದಲೇ ಬಿಚ್ಚಿ, ಉಂಗುರ ಅಲುಗದಂತೆ ಬಿಳಿ ಬಟ್ಟೆಯಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡಳು.

"ಹೊನ್ನೇಶಣ್ಣ, ಆ ಹಾಳೆಗೆ ನಾನು ಸೈನ್ ಹಾಕಲ್ಲ. ಬುಧವಾರ ಹಲಗೆ ಹಾಕ್ಸಾಯ್ತು ಅಂತ ಇವರು ಹೇಳಿದ್ರು. ಅದ್ನ ನಂಬಿ ನಮ್ಮಪ್ಪಂಗೆ ಹೇಳಿದ್ದು ನಾನು. ಎರಡನ್ನೂ ಬರ್ಕೊಳ್ಳಿ."

"ಮೊದ್ಲು ಮಣ್ಣು ಆಗ್ಲಿ. ಆಮೇಲೆ ನೋಡಾನ," ಎಂದು ಹೊನ್ನೇಶ್ ಹಾಳೆ ಮಡಿಚಿದ. ಆಮೇಲೆ ಯಾರೂ ನೋಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎರಡು ದಿನ ಕಳೆದರೆ ಮುಚ್ಚಿದ ಗುಂಡಿಯ ಮೇಲೆ ಕಾಂಕ್ರೀಟ್ ಬೀಳುತ್ತದೆ.

ತಮಟೆ ಶುರುವಾಯಿತು. ಚಟ್ಟದ ಮುಂದಿನ ಎಡಗಡೆಗೆ ಕಾಂತರಾಜು ಹೆಗಲು ಕೊಟ್ಟ. ಆ ಊರಿನಲ್ಲಿ ಹೆಣವನ್ನು ಅರ್ಧ ದಾರಿಯಲ್ಲಿ ಒಮ್ಮೆ ಇಳಿಸಿ, ಹೊತ್ತವರು ಹೆಗಲು ಬದಲಿಸಿ ಮುಂದೆ ಹೋಗುವುದು ವಾಡಿಕೆ. ಇಳಿಸುವ ಜಾಗ ಬಸ್‌ಸ್ಟಾಪಿನ ಆಚೆ.

ಗಿರಣಿ ದಾಟಿದ ಮೇಲೆ ಕೋಮಲಾ ಮುಂದಕ್ಕೆ ಬಂದಳು. ಹನ್ನೆರಡು ಹೆಜ್ಜೆ ನಡೆದು, ಗಾಡಿಗಳು ಓಡಾಡುವ ಮೋರಿಯನ್ನು ಬಿಟ್ಟು, ನಡೆಯುವವರು ಹೋಗುವ ಅಂಚಿನಲ್ಲಿ ನಿಂತಳು. ಎದುರಿಗೆ ಹೊಸ ಕೆಂಪು ಮಣ್ಣು, ಜೆಸಿಬಿ ಸವರಿದ ನುಣುಪು.

"ಇಲ್ಲಿ ಇಳ್ಸಿ."

"ಇಲ್ಲಲ್ಲ ಕಣವ್ವ, ಮುಂದೆ," ಹಿಂದಿನಿಂದ ಒಬ್ಬ ಮುದುಕ ಕೂಗಿದ.

"ಇಲ್ಲೇ. ನಮ್ಮಪ್ಪ ನಡೀತಿದ್ದ ದಾರಿ ಇದೇ. ಇಲ್ಲೇ ಇಳ್ಸಿ ಚಿಕ್ಕಪ್ಪ."

ತಮಟೆ ನಿಧಾನವಾಯಿತು. ಹೊತ್ತವರು ಕಾಂತರಾಜುವಿನ ಕಡೆ ನೋಡಿದರು. ಕಾಂತರಾಜು ಅಣ್ಣನ ಮಗಳ ಮುಖ ನೋಡಿದ. ಆಮೇಲೆ ಎಡಕ್ಕೆ ತಿರುಗಿ ಮಣ್ಣಿನ ಮೇಲೆ ಕಾಲಿಟ್ಟ.

"ಲೇ ಕಾಂತ! ಅಲ್ಲಿಗೆ ಹೋಗ್ಬ್ಯಾಡ್ವೋ!" ಜನರ ನಡುವಿನಿಂದ ಓಂಕಾರೇಶ್ ಕಿರುಚಿದ. "ಕುಸೀತದೆ ಕಣೋ! ಆಳುದ್ದ ಐತೆ ಅದು!"

ತಮಟೆ ನಿಂತಿತು. ಹೊನ್ನೇಶ್ ಓಂಕಾರೇಶನ ಕಡೆ ತಿರುಗಿ, ಕಂಕುಳಿನ ಫೈಲನ್ನು ಕೈಗೆ ತೆಗೆದುಕೊಂಡ.

ಕಾಂತರಾಜುವಿನ ಎಡಗಾಲು ಮೊಣಕಾಲವರೆಗೆ ಇಳಿದುಹೋಗಿತ್ತು. ಚಟ್ಟ ಒಂದು ಮಗ್ಗುಲಿಗೆ ವಾಲಿ, ದೊಡ್ಡ ಹಾರ ಜಾರಿ ಮಣ್ಣಿಗೆ ಬಿತ್ತು. ಉಳಿದ ಮೂವರು ಭಾರವನ್ನು ತಮ್ಮ ಕಡೆಗೆ ಎಳೆದುಕೊಂಡು, "ಕಾಲು ತೆಗಿ ಕಾಂತಣ್ಣ, ತೆಗಿ" ಎಂದರು. ಅವನು ತೆಗೆಯಲಿಲ್ಲ. ಅಣ್ಣನ ಭಾರ ಹೆಗಲ ಮೇಲೆ ಹೊತ್ತು, ಬೆವರುತ್ತ, ಹಾಗೇ ಹೂತುಕೊಂಡು ನಿಂತಿದ್ದ.