ಹಿಂದಿನ ಸೀಟು ಖಾಲಿ ಉಂಟು

ಹಿಂದಿನಿಂದ ಬೈಕು ವೇಗ ಇಳಿಸುವ ಸದ್ದು, ಬಂತು ಗ್ರಹಚಾರ, ಚನಿಯಪ್ಪನದ್ದೇ, ಆ ಕೆಮ್ಮುವ ಸೈಲೆನ್ಸರ್ ಫರಂಗಿಪೇಟೆಯಲ್ಲಿ ಬೇರೆ ಯಾರಿಗುಂಟು — ಉಸ್ಮಾನ್ ತಲೆ ತಗ್ಗಿಸಿ ಕಾಲು ಚುರುಕು ಮಾಡಿದ, ಕಾಲಲ್ಲಿ ತನ್ನದೇ ಅಂಗಡಿಯ ವಾಕಿಂಗ್ ಶೂ, ಊರಿಗೆಲ್ಲ ಚಪ್ಪಲಿ ಮಾರುವವನಿಗೆ ನಡೆಯುವ ಯೋಗ ಇಲ್ಲ ನೋಡಿ, ಬೆಳಿಗ್ಗೆ ಹೊಳೆಬದಿಗೆ ಹೊರಟರೆ ಸಾಕು, ಯಾರಾದರೊಬ್ಬರು ನಿಲ್ಲಿಸಿ ಹಿಮ್ಮಡಿಯಿಂದ ಫುಟ್‌ರೆಸ್ಟ್ ಟಕ್ ಅಂತ ತೆರೆಯುತ್ತಾರೆ, ಕುಳಿತುಕೊಳ್ಳಿ ಬ್ಯಾರಿಗಳೇ, ಹಿಂದೆ ಖಾಲಿ ಉಂಟು, ಬೇಡ ಎಂದರೆ ಮುಖ ಸಣ್ಣ ಮಾಡ್ತಾರೆ, ಮೊನ್ನೆ ಅಶ್ರಫನ ರಿಕ್ಷಾ ಬೇಡ ಅಂದದ್ದಕ್ಕೆ ಅವನು ಮನೆಗೇ ಫೋನ್ ಮಾಡಿ, ಉಸ್ಮಾನಾಕನಿಗೆ ನನ್ನ ಮೇಲೆ ಕೋಪವಾ ಅಂತ ಕೇಳಿದ, ಹೆಂಡತಿ ರುಖಿಯಮ್ಮ ನಕ್ಕು ನಕ್ಕು ಸುಸ್ತು — ಹಾಗಾಗಿ ಹತ್ತುವುದೇ, ಹೊಳೆಬದಿಯಲ್ಲಿ ಇಳಿದು ಗಾಳಿ ಕುಡಿದು ಇನ್ನೊಬ್ಬರ ಹಿಂದೆ ಕುಳಿತು ವಾಪಸ್, ಇದಕ್ಕೆ ವಾಕಿಂಗ್ ಅಂತ ಹೆಸರು. ಮಗಳು ನುಸ್ರತ್, ಮಿಜಾರಿನ ಕಾಲೇಜಿನಲ್ಲಿ ದೇಹದ ಒಳಗಿನ ಸಮಾಚಾರವೆಲ್ಲ ಓದುವವಳು, ರಿಪೋರ್ಟು ನೋಡಿ ಹೇಳಿದ್ದಳು, ಉಪ್ಪಾ, ಕೊಲೆಸ್ಟ್ರಾಲ್ ಹೆಚ್ಚಾದದ್ದು ಮಾತ್ರ ಅಲ್ಲ, ಅದಕ್ಕೆ ಒಳಗೇ ತುಕ್ಕು ಹಿಡಿದ ಹಾಗೆ ಆಗ್ತದೆ, ಆಮೇಲೆ ರಕ್ತನಾಳದ ಗೋಡೆಗೆ ಅಂಟಿ ಕೂರ್ತದೆ, ದಿನಾ ನಡೆದರೆ ಒಳ್ಳೆಯ ಕೊಲೆಸ್ಟ್ರಾಲ್ ಏರ್ತದೆ, ತುಕ್ಕಿನ ಜೊತೆ ಹೊಡೆದಾಡ್ಲಿಕ್ಕೆ ದೇಹ ಮೆಲ್ಲ ತಾನೇ ಕಲೀತದೆ. ತುಕ್ಕಾ, ನನ್ನೊಳಗೆ ಅಂಗಡಿಯ ಶಟರ್ ಉಂಟಾ ಎಂದು ಇವನು ನಕ್ಕ, ಅವಳು ನಗಲಿಲ್ಲ, ಡಾಕ್ಟರರ ಮುಂದೆ ಕೂತು, ಮಾತ್ರೆ ಈಗಲೇ ಬೇಡ ಸರ್, ಮೂರು ತಿಂಗಳು ನೋಡುವ, ಉಪ್ಪ ನಡೀತಾರೆ, ನನ್ನದು ಗ್ಯಾರಂಟಿ ಅಂದಳು — ಗ್ಯಾರಂಟಿ ಅಂತೆ, ತಾನು ಚಪ್ಪಲಿಗೇ ಕೊಡದ ಗ್ಯಾರಂಟಿಯನ್ನು ಅವಳು ಉಪ್ಪನಿಗೆ ಕೊಟ್ಟುಬಿಟ್ಟಳು, ಮುಂದಿನ ತಿಂಗಳು ರಕ್ತ ಪರೀಕ್ಷೆ, ಇಳಿಯದಿದ್ದರೆ ಮಾತ್ರೆ ನುಂಗುವುದು ಇವನು, ಮುಖ ಬಾಡುವುದು ಅವಳದ್ದು, ಅದನ್ನು ನೋಡಲಿಕ್ಕೆ ತನ್ನಿಂದ ಆಗುವುದಿಲ್ಲ.

ಟಕ್, ತೆರೆದೇಬಿಟ್ಟ ಚನಿಯಪ್ಪ, ಕುಳಿತುಕೊಳ್ಳಿ ಬ್ಯಾರಿಗಳೇ, ಹೋಗುವ, ಕಾಲು ಅಭ್ಯಾಸಬಲದಿಂದ ಎತ್ತಿಯೂ ಆಯಿತು, ಫುಟ್‌ರೆಸ್ಟಿಗೆ ತಾಗಿಯೂ ಆಯಿತು, ಮಗಳ ಮುಖ ನೆನಪಾಯಿತು — ಕಾಲು ಕೆಳಗಿಟ್ಟ, ಬೇಡ ಮಾರಾಯ, ಕೋಪ ಮಾಡ್ಬೇಡ, ಮಗಳು ಡಾಕ್ಟರರಿಗೆ ನನ್ನ ಕಾಲಿನ ಗ್ಯಾರಂಟಿ ಕೊಟ್ಟಿದ್ದಾಳೆ. ಆಯ್ತಲ್ಲ, ಚನಿಯಪ್ಪನ ಮುಖವೂ ಸಣ್ಣದಾಯಿತು ಅಂದುಕೊಂಡರೆ ಅವನು ಎಂಜಿನ್ ಆರಿಸಿ ಇಳಿದೇಬಿಟ್ಟ, ನಿಮ್ಮನ್ನು ದಾರಿಯಲ್ಲಿ ಬಿಟ್ಟು ಹೋಗ್ಲಿಕ್ಕೆ ಆಗ್ತದಾ, ನಡೆಯುವ, ಬೈಕು ತಳ್ಳಿಕೊಂಡೇ ಹೊರಟ, ಏದುಸಿರು ಇಬ್ಬರಿಗೂ, ಅದರ ಮೇಲೆ ನಗು, ಬೆನ್ನಿಗೆ ಬೆವರು, ಒಳಗೆಲ್ಲೋ ತುಕ್ಕು ಉದುರುತ್ತಿರಬೇಕು, ಹೊಳೆ ಇನ್ನೂ ದೂರ ಉಂಟು, ಇರಲಿ, ದೂರವೇ ಇರಲಿ, ಪಕ್ಕದಲ್ಲಿ ಮಡಚಲು ಮರೆತ ಫುಟ್‌ರೆಸ್ಟ್, ತೆರೆದೇ ಉಂಟು, ಅದರ ಮೇಲೆ ಯಾರ ಕಾಲೂ ಇಲ್ಲ.