ಮೀರಲಿಲ್ಲ

೨೦೧೯ರ ಮಾರ್ಚ್ ಒಂಬತ್ತು, ಶನಿವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಅಕ್ಕ ಶೂ ಬಿಚ್ಚಿ, ಕೈಗಡಿಯಾರವನ್ನು ಕಿಟಕಿಯಲ್ಲಿಟ್ಟು ತೂಕದ ಯಂತ್ರ ಹತ್ತಿದಳು. ಐವತ್ತೆಂಟು ಪಾಯಿಂಟ್ ಎರಡು ಕಿಲೋ. ನಾನು ಗೋಡೆಯ ನಕ್ಷೆಯಲ್ಲಿ ಚುಕ್ಕಿ ಇಟ್ಟು, ಸ್ಕೇಲ್ ಹಿಡಿದು ಹಿಂದಿನ ಚುಕ್ಕಿಗೆ ಸೇರಿಸಿದೆ. ಇಪ್ಪತ್ತಾರು ವಾರಕ್ಕೆ ಹದಿಮೂರು ಕಿಲೋ ಇಳಿದಿತ್ತು. ವಾರಕ್ಕೆ ಸರಿಯಾಗಿ ಅರ್ಧ. ಬೆಳಗಿನ ವ್ಯಾಯಾಮದ ತಂಡದವರು ಚಪ್ಪಾಳೆ ತಟ್ಟಿದರು.

"ಒಡಹುಟ್ಟಿದವನ ಕೈಗೆ ಸಿಕ್ಕಿಬಿದ್ರೆ ಹೀಗೇ ನೋಡಿ, ದಯೆನೂ ಇಲ್ಲ ದಾಕ್ಷಿಣ್ಯನೂ ಇಲ್ಲ" ಎಂದು ಅಕ್ಕ ಎಲ್ಲರನ್ನೂ ನಗಿಸಿದಳು. ಬೆಂಚಿನ ಮೇಲೆ ಕೂತು ಲೇಸು ಕಟ್ಟಲು ಬಗ್ಗಿದವಳು ಅರ್ಧಕ್ಕೆ ನಿಲ್ಲಿಸಿ ಉಸಿರು ತೆಗೆದುಕೊಂಡಳು. ನಾನು ಅದನ್ನು ನೋಡಿದೆ. ನೋಡುವುದು ಬೇರೆ, ಗಮನಿಸುವುದು ಬೇರೆ.

ನಾನು ಜೀವರಸಾಯನಶಾಸ್ತ್ರ ಓದಿದವನು. ವ್ಯಾಯಾಮ ಮತ್ತು ಆಹಾರದ ತರಬೇತಿ ಕೊಡುವುದು ನನ್ನ ಕೆಲಸ. ನನ್ನ ಬಳಿ ಕಲಿಯಲು ಬರುವ ತರಬೇತುದಾರರಿಗೆ ಮೊದಲ ದಿನವೇ ಒಂದು ಮಾತು ಬರೆಸುತ್ತಿದ್ದೆ: ವಿಧಾನ ನೂರು, ತತ್ವ ಒಂದು; ಮುಂದೆ ನಿಂತಿರುವ ಮನುಷ್ಯನನ್ನು ಮೊದಲು ಕೇಳು, ಪಟ್ಟಿಯನ್ನು ಆಮೇಲೆ ತೆಗೆ. ಅದೇ ಮಾತು ತೂಕದ ಯಂತ್ರದ ಮೇಲಿನ ಗೋಡೆಯಲ್ಲೂ ಇತ್ತು. ಅಕ್ಕನ ನಕ್ಷೆ ಅಂಟಿಸಲು ಜಾಗ ಸಾಲದೆ, ಅದರ ಕೊನೆಯ ಸಾಲನ್ನು ನಾನೇ ಮುಚ್ಚಿದ್ದೆ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ದರ್ಜಿ. ಅಮ್ಮ ತೀರಿಕೊಂಡಾಗ ನನಗೆ ಎಂಟು. ಅಲ್ಲಿಂದ ಮುಂದಕ್ಕೆ ನಾನು ಓದಿದ್ದೆಲ್ಲ ಅವಳ ಹೊಲಿಗೆ ಯಂತ್ರದ ಸದ್ದಿನಲ್ಲೇ. ಸೆಪ್ಟೆಂಬರಿನಲ್ಲಿ ಅವಳು ಮಂಡಿ ನೋವೆಂದು ಬಂದಳು. "ಪೆಡಲ್ ತುಳಿದ್ರೆ ಕಿರುಗುಟ್ಟುತ್ತೆ ಕಣೋ. ಮೆಷಿನ್ನಿಗೆ ಬಿಟ್ಟ ಹಾಗೆ ಇದಕ್ಕೂ ಎರಡು ಹನಿ ಎಣ್ಣೆ ಬಿಡೋಕಾಗುತ್ತಾ?" ಆಗ ಎಪ್ಪತ್ತೊಂದು ಪಾಯಿಂಟ್ ಎರಡು ಕಿಲೋ ಇದ್ದಳು. ನಾನು ಎಲ್ಲರಿಗೂ ಕೊಡುವ ಪಟ್ಟಿಯನ್ನೇ ಕೊಟ್ಟೆ. ದಿನಕ್ಕೆ ಮೂರು ಊಟ, ಒಂದೊಂದರ ಮುಂದೆ ಅಳತೆ, ಅದರ ಪಕ್ಕದಲ್ಲಿ ಟಿಕ್ ಹಾಕಲು ಒಂದು ಕಾಲಂ. ಕಾಲಮ್ಮಿನ ತಲೆಬರಹ: ‘ಮೀರಲಿಲ್ಲ’.

ನನ್ನ ಬಳಿ ಬರುವವರ ಕಷ್ಟವೆಲ್ಲ ಅಳತೆ ಮೀರುವುದೇ ಆಗಿತ್ತು. ಅಕ್ಕ ಮಾತ್ರ ಒಂದು ದಿನವೂ ಮೀರಲಿಲ್ಲ.

ಜನವರಿಯಲ್ಲಿ ಒಮ್ಮೆ ಹೇಳಿದ್ದಳು: "ಲೋ ಮೇಷ್ಟ್ರೇ, ನನ್ನ ಕೋಟಿನ ತೋಳನ್ನ ಎರಡು ಸಲ ಬಿಚ್ಚಿ ಕಿರಿದು ಮಾಡ್ದೆ. ಹನ್ನೆರಡೂ ಕಾಲು ಇಂಚು ಸುತ್ತಳತೆ ಇದ್ದ ತೋಳು ಅದು. ಸೊಂಟ ಮಾತ್ರ ಒಂದು ದಾರದಷ್ಟೂ ಒಳಗೆ ಹಿಡಿಯೋ ಹಾಗಿಲ್ಲ. ಇಂಥ ಸಣ್ಣ ಆಗೋದನ್ನ ಎಲ್ಲಾದ್ರೂ ಕಂಡಿದ್ಯಾ?"

"ಕೊಬ್ಬು ಎಲ್ಲಿಂದ ಕರಗಬೇಕು ಅಂತ ನಾವು ಹೇಳೋಕಾಗಲ್ಲ ಅಕ್ಕ. ನೀನು ಪಟ್ಟಿ ಪಾಲಿಸು, ಅಷ್ಟೇ."

ಆ ವಾಕ್ಯದಲ್ಲಿ ತಪ್ಪಿಲ್ಲ. ಪರೀಕ್ಷೆಯಲ್ಲಿ ಬರೆದರೆ ಪೂರ್ತಿ ಅಂಕ ಸಿಗುತ್ತದೆ.

ಆ ಶನಿವಾರ ಚಪ್ಪಾಳೆ ಮುಗಿದು ಅಕ್ಕ ಅಂಗಡಿಗೆ ಹೊರಟ ಮೇಲೆ, ತಂಡದಲ್ಲಿದ್ದ ನಿವೃತ್ತ ನರ್ಸ್ ನನ್ನನ್ನು ಬಾಗಿಲ ಬಳಿ ಕರೆದರು. "ಸಂತೋಷ ಆಮೇಲೆ ಪಡೋಣ ಮೇಷ್ಟ್ರೇ. ಅವರ ಕತ್ತಿನ ಮೂಳೆ ನೋಡಿದ್ರಾ? ಇದು ತೂಕ ಇಳಿದಿದ್ದಲ್ಲ, ಸೊರಗಿದ್ದು. ಏನು ತಿಂತಾರೆ ಅವರು?"

"ಪಟ್ಟಿಯಲ್ಲಿ ಇರೋದು."

"ಇರೋದು ಗೊತ್ತಾಯ್ತು. ತಿನ್ನೋದು ಎಷ್ಟು?"

ಪಟ್ಟಿಗಳ ಕಡತ ಹಿಡಿದು ಅಕ್ಕನ ಅಂಗಡಿಗೆ ಹೋದೆ. ಅವಳು ಯಾರದೋ ಕೋಟಿನ ಕಾಲರ್ ಬಿಚ್ಚುತ್ತಿದ್ದಳು. ಪಕ್ಕದ ತಟ್ಟೆಯಲ್ಲಿ ಒಂದೂವರೆ ಮೊಟ್ಟೆ, ಬ್ರೆಡ್ಡಿನ ಒಂದು ತುಂಡು ಹಾಗೇ ಉಳಿದಿತ್ತು.

"ಇದು ಬೆಳಗಿನ ತಿಂಡಿ ಅಲ್ವಾ? ಯಾಕೆ ಬಿಟ್ಟಿದ್ದೀಯ?"

"ಎರಡು ಮೊಟ್ಟೆ ಅಂತ ಬರೆದಿದ್ದೀಯ. ಅರ್ಧ ತಿನ್ನೋ ಹೊತ್ತಿಗೆ ಗಂಟಲ ತನಕ ಬಂದ ಹಾಗಾಗುತ್ತೆ."

"ಯಾವಾಗಿಂದ?"

"ನವೆಂಬರ್ ಇರಬೇಕು."

"ಮತ್ತೆ ದಿನಾ ಟಿಕ್ ಹಾಕಿದ್ದೀಯಲ್ಲೇ!"

ಅಕ್ಕ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದಳು. "ಮೀರಲಿಲ್ಲ ತಾನೇ? ನೀನು ಕೇಳಿದ್ದು ಅದು. ಮುಗಿಸಿದ್ಯಾ ಅಂತ ಕಾಲಂ ಎಲ್ಲಿದೆ ಅದರಲ್ಲಿ?"

ನೂರ ಎಂಬತ್ತೆರಡು ದಿನ, ಐನೂರ ನಲವತ್ತಾರು ಟಿಕ್. ಒಂದೂ ಸುಳ್ಳಲ್ಲ.

"ಬಾಯಿ ಬಿಟ್ಟು ಹೇಳೋದಲ್ವಾ ಅಕ್ಕ?"

"ತೋಳಿನ ವಿಷಯ ಹೇಳಿದ್ನಲ್ಲ." ಅವಳು ಮತ್ತೆ ಕಾಲರಿಗೆ ಕೈ ಹಾಕಿದಳು. ಎರಡು ಹೊಲಿಗೆ ಬಿಚ್ಚಿದ ಮೇಲೆ, "ಅದೂ ಅಲ್ದೆ, ಚುಕ್ಕಿ ಇಡುವಾಗ ನಿನ್ನ ಮುಖ ಚೆನ್ನಾಗಿರ್ತಿತ್ತು. ಚಿಕ್ಕವನಿದ್ದಾಗ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಓಡಿ ಬರ್ತಿದ್ಯಲ್ಲ, ಹಾಗೆ" ಎಂದಳು.

ಹತ್ತು ದಿನದಲ್ಲಿ ಎಲ್ಲ ಪರೀಕ್ಷೆಗಳೂ ಮುಗಿದವು. ಜಠರದಲ್ಲಿ ಹುಟ್ಟಿದ ಗಂಟು ಹೊಟ್ಟೆಯ ಒಳಪದರಕ್ಕೆಲ್ಲ ಹಬ್ಬಿತ್ತು. ಒಳಗೆ ನೀರು ತುಂಬಿದಷ್ಟು ತೂಕ ಏರುತ್ತಿತ್ತು, ಮಾಂಸಖಂಡ ಕರಗಿದಷ್ಟು ಇಳಿಯುತ್ತಿತ್ತು. ಎರಡನ್ನೂ ಕಳೆದು ಉಳಿದದ್ದೇ ನನ್ನ ವಾರಕ್ಕೆ ಅರ್ಧ ಕಿಲೋ. ಬದುಕಿರುವ ದೇಹದ ತೂಕದ ಗೆರೆ ಅಷ್ಟು ನೆಟ್ಟಗಿರುವುದಿಲ್ಲ, ನೆಟ್ಟಗಿದ್ದರೆ ಮೊದಲು ಅನುಮಾನಪಡಿ ಎಂದು ನಾನೇ ಪಾಠ ಹೇಳಿದ್ದೆ.

"ನವೆಂಬರಿನಲ್ಲೇ ಕರ್ಕೊಂಡು ಬಂದಿದ್ರೆ?" ಎಂದು ವೈದ್ಯೆಯನ್ನು ಕೇಳಿದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅದನ್ನ ಈಗ ಹೇಳೋಕಾಗಲ್ಲ" ಎಂದರು. ವ್ಯತ್ಯಾಸವಾಗುತ್ತಿರಲಿಲ್ಲ ಎನ್ನಲಿಲ್ಲ. ಶಸ್ತ್ರಚಿಕಿತ್ಸೆಯ ಮಾತೂ ಎತ್ತಲಿಲ್ಲ.

ಏಪ್ರಿಲ್ ಕೊನೆಯ ವಾರ, ಒಂದು ಮಧ್ಯಾಹ್ನ. ಆಸ್ಪತ್ರೆಯ ಅಂಗಿಯನ್ನು ತಲೆಯ ಮೇಲಿಂದ ತೆಗೆಯಲು ಅಕ್ಕನಿಗೆ ಕೈ ಎತ್ತಲಾಗುತ್ತಿರಲಿಲ್ಲ. ಮುಂದೆ ಗುಂಡಿಯಿರುವ, ನಳಿಕೆ ಹಾಯಿಸಲು ಬರುವ ಅಂಗಿಯೊಂದನ್ನು ಹೊಲಿಸಬೇಕು ಎಂದಳು. ಅವಳ ಅಂಗಡಿಯಲ್ಲಿ ಜೊತೆಗೆ ಹೊಲಿಯುವವಳು ಬಟ್ಟೆ ಕತ್ತರಿಸಲು ಕಾಯುತ್ತಿದ್ದಳು.

"ನಿನ್ನ ಅಳತೆ ಅವಳ ಹತ್ರ ಇದೆಯಲ್ಲ" ಎಂದೆ.

"ಅದು ಹೋದ ವರ್ಷದ್ದು. ಹಳೇ ಅಳತೆ ಇಟ್ಕೊಂಡು ಕತ್ತರಿ ಹಾಕೋನು ದರ್ಜಿನೇ ಅಲ್ಲ ಕಣೋ. ಪ್ಯಾಟರ್ನ್ ಅನ್ನೋದು ಕಾಗದ, ಮೈ ಕಾಗದ ಅಲ್ಲ. ಪ್ರತಿ ಸಲ ಮುಟ್ಟಿ ಅಳೀಬೇಕು." ಚುಚ್ಚಲು ಹೇಳಿದ್ದಲ್ಲ. ಮೂವತ್ತು ವರ್ಷದಿಂದ ಕೆಲಸ ಕಲಿಯುವವರಿಗೆಲ್ಲ ಹೇಳಿಕೊಟ್ಟ ಮಾತು ಅದು. ದಿಂಬಿನ ಕೆಳಗಿನಿಂದ ತನ್ನ ಟೇಪನ್ನು ಎಳೆದು ನನಗೆ ಕೊಟ್ಟಳು.

ಎದೆ ಅಳೆದೆ. ಹೊಟ್ಟೆ ಅಳೆದೆ. ಎಡತೋಳಿಗೆ ಟೇಪು ಸುತ್ತುವಾಗ ನನ್ನ ಬೆರಳುಗಳು ಒಂದನ್ನೊಂದು ಮುಟ್ಟಿದವು.

"ಅಕ್ಕ, ನನ್ನಿಂದ ತಪ್ಪಾಯ್ತು."

"ಟೇಪು ತಿರುಚಿಕೊಂಡಿದೆ, ಸರಿ ಮಾಡು."

ಸರಿ ಮಾಡಿದೆ.

"ಬಿಗೀಬೇಡ. ಸಡಿಲಾನೂ ಬಿಡಬೇಡ. ಈಗ ಓದು."

ಕಣ್ಣು ಮಂಜಾಗಿತ್ತು. ಒಂದು ಇಂಚು ಸೇರಿಸಿ ಹೇಳೋಣ ಎನಿಸಿತು. ಬಾಯಿ ತೆರೆದೂ ಇದ್ದೆ.

"ಸಡಿಲ ಎಷ್ಟು ಬಿಡಬೇಕು ಅಂತ ಹೊಲಿಯೋಳಿಗೆ ಗೊತ್ತು" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ನೀನು ಇದ್ದದ್ದು ಹೇಳು."

ಹೇಳಿದೆ. ಎಡತೋಳು, ಸುತ್ತಳತೆ, ಏಳೂ ಮುಕ್ಕಾಲು ಇಂಚು.