ನಾಲ್ಕನೇ ಮೆಟ್ಟಿಲಿನಿಂದಾಚೆ

“ಆ ಹಗ್ಗ ಬಿಚ್ಚು,” ಎಂದಳು ಗಾರೆಯವನ ಹೆಂಡತಿ, ಮೇಲಿನ ಬಾಗಿಲಲ್ಲಿ ನಿಂತು.

ಕೆಳಗೆ ಅಂಗಳದಲ್ಲಿ ಭಾವನ ಮಗ ಕಿಟಕಿಗೆ ಏಣಿ ಒರಗಿಸಿ ತುದಿಗೆ ಹಗ್ಗ ಸುತ್ತುತ್ತಿದ್ದ. ಕಂಕುಳಲ್ಲಿ ಕೋರ್ಟಿನ ಫೈಲು. ಸಾವಿನ ಮನೆಗೂ ಅದನ್ನು ಬಿಟ್ಟು ಬರಲು ಅವನಿಗೆ ಮನಸ್ಸಾಗಿರಲಿಲ್ಲ.

“ಚಿಕ್ಕಮ್ಮ, ಬೇಜಾರು ಮಾಡ್ಕೋಬೇಡಿ. ಚಿಕ್ಕಪ್ಪನ್ನ ಕಿಟಕಿಯಿಂದ ನಿಧಾನಕ್ಕೆ ಇಳಿಸ್ತೀವಿ. ನಾವು ಆ ಮೆಟ್ಟಿಲ ಮೇಲೆ ಕಾಲಿಟ್ರೆ ಅದನ್ನ ಒಪ್ಕೊಂಡ ಹಾಗಾಗುತ್ತೆ, ವಕೀಲ್ರು ಹೇಳಿದಾರೆ.”

“ನಿಮ್ಮ ಚಿಕ್ಕಪ್ಪ ಜೈಲಿಗೆ ಹೋಗಿದ್ದು ಮೂಟೆ ಥರ ಇಳಿಯೋಕಲ್ಲ. ಮೆಟ್ಟಿಲಲ್ಲೇ ಇಳೀತಾರೆ. ಬಿಚ್ಚು.”

ಹುಡುಗ ಅಪ್ಪನ ಮುಖ ನೋಡಿದ. ಸತ್ತವನ ಅಣ್ಣ ಕೆಳಮನೆಯ ಹೊಸ್ತಿಲಲ್ಲಿ ಕೂತಿದ್ದ. ನಿನ್ನೆ ಸಂಜೆ ತಮ್ಮ ಎದೆ ಹಿಡಿದುಕೊಂಡು ಕುಸಿದಾಗಿನಿಂದ ಅವನು ಅಲ್ಲೇ ಇದ್ದ. ಮೇಲೆ ಹತ್ತಿ ಮುಖ ನೋಡಿರಲಿಲ್ಲ. ಎಂಟು ವರ್ಷದಿಂದ ಹತ್ತಿಲ್ಲ, ಇವತ್ತು ಹೇಗೆ ಹತ್ತುವುದು?

“ಗೆದ್ದೋನು ಸೋತ, ಸೋತೋನು ಸತ್ತ ಅಂತಾರೆ,” ಎಂದ ಪಕ್ಕದ ಮನೆಯ ದರ್ಜಿ, ಯಾರಿಗೂ ಅಲ್ಲದಂತೆ. “ಇಲ್ಲಿ ಇನ್ನೂ ತೀರ್ಪೇ ಬಂದಿಲ್ಲ ಮಾರಾಯ.”

ಅಷ್ಟು ಹೊತ್ತಿಗೆ ಗೇಟಿನ ಬಳಿ ಕೋರ್ಟಿನ ಅಮೀನ ಬಂದು ನಿಂತ. ಮೆಟ್ಟಿಲು ಒಡೆಯಲು ಕೊಟ್ಟಿದ್ದ ಗಡುವು ಅವತ್ತಿಗೇ ಮುಗಿಯುತ್ತಿತ್ತು. ಒಡೆದಿದ್ದಾರೋ ಇಲ್ಲವೋ ನೋಡಿ ಬರೆದುಕೊಂಡು ಹೋಗುವುದು ಅವನ ಕೆಲಸ. ಜನ ಕಂಡು, ಅಳು ಕೇಳಿ, ಪಾಪ, ಅವನು ಅಳತೆಯ ಟೇಪನ್ನು ಜೇಬಿನೊಳಗೆ ಇನ್ನಷ್ಟು ಕೆಳಕ್ಕೆ ತಳ್ಳಿದ.

“ಯಾರು ಹೋದ್ರು?”

“ನೀವು ಹುಡ್ಕೊಂಡು ಬಂದೋರೇ,” ಎಂದ ದರ್ಜಿ.

*

ಸತ್ತವನು ಊರಿಗೆಲ್ಲ ‘ತೂಗುಗುಂಡು’. ಗೋಡೆ ನೇರ ಇದೆಯೋ ಇಲ್ಲವೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡಿನ ಹೆಸರನ್ನೇ ಜನ ಅವನಿಗೆ ಇಟ್ಟಿದ್ದರು. ಅಣ್ಣತಮ್ಮ ಇಬ್ಬರೂ ಗಾರೆ ಕೆಲಸವನ್ನು ಅಪ್ಪನಿಂದಲೇ ಕಲಿತವರು. “ಮೆಟ್ಟಿಲೆಲ್ಲ ಒಂದೇ ಎತ್ತರ ಇರ್ಬೇಕು ಕಣ್ರೋ. ಒಂದು ಹೆಚ್ಚುಕಮ್ಮಿ ಆದ್ರೂ ಕಟ್ಟಿದೋನ ಮಾನ ಹೋಯ್ತು,” ಎನ್ನುತ್ತಿದ್ದ ಅಪ್ಪ. ಅವನು ಸತ್ತ ಮೇಲೆ ಕೆಳಮನೆ ಅಣ್ಣನಿಗೆ ಬಂತು. ತಮ್ಮ ಮೇಲೆ ಎರಡು ಕೋಣೆ ಕಟ್ಟಿಕೊಂಡ. ಅಂಗಳ ಮಾತ್ರ ಯಾರಿಗೂ ಪಾಲಾಗಲಿಲ್ಲ.

ತಮ್ಮ ಅಂಗಳದಲ್ಲಿ ಮೆಟ್ಟಿಲು ಶುರುಮಾಡಿದ. ನಾಲ್ಕು ಮೇಲೆದ್ದಿದ್ದವು, ಅಷ್ಟರಲ್ಲಿ ಅಣ್ಣ ತಡೆಯಾಜ್ಞೆ ತಂದ. ಅಂಗಳದ ಒಂದು ಗೇಣು ಜಾಗವನ್ನೂ ಬಿಡಲಾರೆ ಎಂದ. ಕೇಸು ಮುಗಿಯುವವರೆಗೆ ಇದ್ದದ್ದು ಇದ್ದ ಹಾಗೇ ಇರಬೇಕು, ಇಬ್ಬರೂ ಒಂದು ಇಟ್ಟಿಗೆಯನ್ನೂ ಇಡಕೂಡದು ಎಂದಿತು ಕೋರ್ಟು. ಹಾಗಾಗಿ ನಾಲ್ಕು ಮೆಟ್ಟಿಲು, ಅದರ ಮೇಲೊಂದು ಮರದ ಏಣಿ. ಆರು ವರ್ಷ ಗಂಡಹೆಂಡತಿ ಕೊಡ ಹೊತ್ತು ಏಣಿ ಹತ್ತಿದರು.

ಏಳನೇ ವರ್ಷ ಅವಳು ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಳು.

ಆಸ್ಪತ್ರೆಯಿಂದ ಅವಳನ್ನು ಬೆನ್ನ ಮೇಲೆ ಹೊತ್ತು ಏಣಿ ಹತ್ತಿಸಿದವನು ಅವತ್ತು ಊಟ ಮಾಡಲಿಲ್ಲ. ಮುಂದೆ ಕೋರ್ಟಿಗೆ ಮೂರು ದಿನ ಒಟ್ಟಿಗೆ ರಜೆ ಬಂತು, ಅಣ್ಣ ದೂರದ ಕೆಲಸಕ್ಕೆ ಹೋಗಿದ್ದ. ಮೂರು ಜನ ಆಳುಗಳನ್ನು ಕಟ್ಟಿಕೊಂಡು, ನಾಲ್ಕನೇ ಮೆಟ್ಟಿಲಿನಿಂದ ಬಾಗಿಲವರೆಗೆ, ನಡುವೆ ಒಂದು ತಿರುವು ಹಾಕಿ, ಕಟ್ಟಿ ಮುಗಿಸಿದ.

ನ್ಯಾಯಾಂಗ ನಿಂದನೆಯ ಕೇಸಾಯಿತು. ಕ್ಷಮೆ ಕೇಳಿ ಒಡೆದುಹಾಕಿದರೆ ಬಿಟ್ಟುಬಿಡುತ್ತೇನೆ ಎಂದರು ನ್ಯಾಯಾಧೀಶರು.

“ಆಜ್ಞೆ ಮೀರಿದ್ದು ತಪ್ಪು ಸ್ವಾಮಿ, ಒಪ್ಕೋತೀನಿ. ಶಿಕ್ಷೆ ಕೊಡಿ,” ಎಂದ ತೂಗುಗುಂಡು. “ಒಡೆಯೋದು ಮಾತ್ರ ನನ್ನ ಕೈಲಿ ಆಗಲ್ಲ.”

ಒಂದು ತಿಂಗಳು ಒಳಗಿದ್ದು ಬಂದ. ಬಂದ ದಿನ ಮೆಟ್ಟಿಲಿಗೆ ನೀರು ಹಾಕಿ ಗುಡಿಸಿದ. ಇನ್ನೊಂದು ಗಡುವಿನ ನೋಟೀಸು ಬಂತು. ಅದನ್ನೂ ಮಡಿಚಿ ಕಿಟಕಿಯ ಸಂದಿಗೆ ಸಿಕ್ಕಿಸಿದ.

*

“ಅಮ್ಮಾ, ನನ್ನ ಕೆಲಸ ಇದು, ತಪ್ಪು ತಿಳ್ಕೋಬೇಡಿ,” ಎಂದ ಅಮೀನ. “ಅಳತೆ ತಗೊಂಡು ಹೊರಟುಬಿಡ್ತೀನಿ.”

“ತಗೊಳ್ಳಿ. ಇರೋದನ್ನ ಇರೋ ಹಾಗೇ ಬರ್ಕೊಳ್ಳಿ. ಒಡೆಯೋ ಮಾತು ಬಂದ್ರೆ ಇನ್ಮೇಲೆ ನನ್ನ ಕೇಳಿ. ಇದು ಹೋದ್ರೆ ನಾನು ಮೇಲಿನ ಎರಡು ಕೋಣೇಲೇ ಸಾಯ್ಬೇಕು. ನಾನೂ ಒಡೆಯಲ್ಲ.”

ಟೇಪಿನ ಇನ್ನೊಂದು ತುದಿಯನ್ನು ಭಾವನ ಮಗ ಹಿಡಿದುಕೊಟ್ಟ. ಹೆಣದ ಮುಂದೆ ಅಳತೆ. ನೋಡುವವರಿಗೆ ನಾಚಿಕೆಯಾಗಬೇಕು, ಆಯಿತು ಕೂಡ. ಒಬ್ಬೊಬ್ಬರೇ ಮುಖ ತಿರುಗಿಸಿಕೊಂಡರು.

ಗೋಡೆ ಕಟ್ಟುವಾಗ ಅವನು ನಿಲ್ಲುತ್ತಿದ್ದ ಹಲಗೆಯ ಮೇಲೇ ಅವನನ್ನು ಮಲಗಿಸಿದ್ದರು. ಹೊರಲು ಅವನ ಮೂರು ಜನ ಆಳುಗಳಿದ್ದರು. ನಾಲ್ಕನೆಯವನಾಗಿ ಬಂದ ದರ್ಜಿ ಮೇಲೆ ಹತ್ತುವಾಗಲೇ ತಿರುವಿನಲ್ಲಿ ಏದುಸಿರು ಬಿಡುತ್ತ ಕೂತುಬಿಟ್ಟ.

ಅವಳು ಕೆಳಗೆ ನೋಡಿದಳು.

“ಭಾವ, ನೀವೇ ಹಿಡೀಬೇಕು. ಹಲಗೆ ಓರೆ ಆದ್ರೆ ಅವ್ರಿಗೆ ಆಗ್ತಿರ್ಲಿಲ್ಲ, ನಿಮಗೇ ಗೊತ್ತು.”

“ಅಪ್ಪಾ, ಹತ್ತಬೇಡ,” ಎಂದ ಮಗ.

ಅಣ್ಣ ಎದ್ದ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಮಗನನ್ನು ದಾಟಿ ಹತ್ತಿದ. ತಮ್ಮನ ಮುಖ ನೋಡಿದ. ಕೆನ್ನೆಗೆ ಅಂಟಿದ್ದ ಸುಣ್ಣದ ಚುಕ್ಕೆಯನ್ನು ಉಗುರಿನಿಂದ ಕೆರೆದು ತೆಗೆದ. ಅವನಿಗೆ ಅಳು ಬಂತು, ಅತ್ತ. ಆಮೇಲೆ ಹಲಗೆಯ ಮುಂದಿನ ತುದಿಗೆ ಹೆಗಲು ಕೊಟ್ಟ.

ಇಳಿಯುವಾಗ ಅವನ ಕಾಲು ಲೆಕ್ಕ ಹಿಡಿಯಿತು. ಒಂದೊಂದು ಮೆಟ್ಟಿಲೂ ತಗ್ಗು. ಕೂಸಿಗೆ ಕಟ್ಟಿದಷ್ಟು ತಗ್ಗು. ತಿರುವು ದಾಟಿ ಅದೇ ಲಯದಲ್ಲಿ ಇಳಿಯುತ್ತಿದ್ದವನು ನಾಲ್ಕನೇ ಮೆಟ್ಟಿಲಿಗೆ ಬಂದಾಗ ಮೇಲಿನಿಂದ ಅವಳು ಕೂಗಿದಳು.

“ಅಲ್ಲಿಂದ ಎತ್ತರ, ಭಾವ.”

ಅಷ್ಟರಲ್ಲಿ ಅವನ ಪಾದ ಗಾಳಿಯಲ್ಲಿ ತಡಕಾಡಿತ್ತು. ಮುಗ್ಗರಿಸಿದ, ಸಾವರಿಸಿಕೊಂಡ. ಹಲಗೆ ಓರೆಯಾಗಲಿಲ್ಲ.

*

ಮಣ್ಣು ಮುಗಿಸಿ ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಸಾಕ್ಷಿಯ ಸಹಿಗಾಗಿ ಅಮೀನ ಗೇಟಿನ ಕಲ್ಲಿನ ಮೇಲೆ ಕಾದಿದ್ದ.

ಹೆಣದ ಹಿಂದೆಯೇ ಕೆಳಗಿಳಿದಿದ್ದ ಗಾರೆಯವನ ಹೆಂಡತಿ ಮೇಲೆ ಹೊರಟಳು. ಮೊದಲ ಮೆಟ್ಟಿಲಿಗೆ ಗೋಡೆ ಹಿಡಿದಳು. ಇನ್ನೊಂದು ಕೈಯಿಂದ ತೊಡೆಯನ್ನೇ ಎತ್ತಿ ಮೇಲಿಟ್ಟಳು. ಎರಡನೆಯದಕ್ಕೂ ಹಾಗೇ, ಮೂರಕ್ಕೂ, ನಾಲ್ಕಕ್ಕೂ. ಐದನೆಯದರಿಂದ ಗೋಡೆ ಬಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಸುಮ್ಮನೆ ನಡೆದುಹೋದಳು.

ಅಣ್ಣ ಅಂಗಳದಲ್ಲಿ ನಿಂತು ನೋಡಿದ. ಮೆಟ್ಟಿಲೆಲ್ಲ ಒಂದೇ ಎತ್ತರ ಇರಬೇಕು ಎಂದು ಜನ್ಮವಿಡೀ ಆಳುಗಳನ್ನು ಬೈದವನು ತೂಗುಗುಂಡು.

“ಅಮ್ಮಾ,” ಎಂದು ಅಣ್ಣ ಮೇಲಕ್ಕೆ ಕರೆದ. “ಅವನ ಕರಣೆ ಎಲ್ಲಿದೆ?”

“ಮೆಟ್ಟಿಲ ಕೆಳಗೆ, ಬಾಂಡ್ಲಿಯಲ್ಲಿದೆ. ಯಾಕೆ?”

ಅವನು ಬಗ್ಗಿ ಕರಣೆ ಎತ್ತಿಕೊಂಡ. ಅಂಗಳದ ಮೂಲೆಯಿಂದ ಇಟ್ಟಿಗೆ ತಂದ. ಬಾಂಡ್ಲಿಯಲ್ಲಿ ಮರಳು ಸಿಮೆಂಟು ಕಲಸಿ, ಮೊದಲ ಮೆಟ್ಟಿಲಿನ ಮುಂದೆ, ಅಂಗಳದ ಕಡೆಗೇ ಚಾಚಿ, ಒಂದು ತಗ್ಗು ಮೆಟ್ಟಿಲಿಗೆ ಇಟ್ಟಿಗೆಯ ಸಾಲು ಹೂಡಿದ. ಮಗ ಓಡಿಬಂದ.

“ಏನ್ ಮಾಡ್ತಿದೀಯಪ್ಪಾ? ತಡೆಯಾಜ್ಞೆ ಇಬ್ರಿಗೂ ಅನ್ವಯ ಆಗುತ್ತೆ.”

“ಗೊತ್ತು ಕಣೋ. ತಂದೋನೇ ನಾನು.”

“ಅಮೀನ್ರು ಇಲ್ಲೇ ಇದಾರೆ.”

“ಇರಲಿ. ಕಣ್ಣಾರೆ ನೋಡ್ಲಿ, ನನ್ನ ಹೆಸರಲ್ಲಿ ಬರ್ಕೊಳ್ಳಲಿ. ಇವತ್ತು ಒಂದು. ನಾಳೆ ಈ ನಾಲ್ಕರ ನಡುವೆ ಒಂದೊಂದು.” ಕರಣೆಯ ಹಿಡಿಯಿಂದ ಇಟ್ಟಿಗೆಯನ್ನು ತಟ್ಟಿ ಕೂರಿಸಿದ. ಮೇಲೆ ಬಾಗಿಲಲ್ಲಿ ನಿಂತಿದ್ದವಳಿಗೆ ಹೇಳಿದ: “ನಾಳೆವರೆಗೂ ಇದರ ಮೇಲೆ ಕಾಲಿಡ್ಬೇಡಮ್ಮ. ಹಸಿ ಇದೆ.”

ಅಮೀನನಿಗೆ ಬೇರೆ ದಾರಿಯಿರಲಿಲ್ಲ. ಬೆಳಗಿನ ಅಳತೆಯ ಮೇಲೆ ಗೀಟೆಳೆದು ಟೇಪು ಬಿಚ್ಚಿದ. ಹುಡುಗ ಫೈಲನ್ನು ಎದೆಗವಚಿಕೊಂಡು ದೂರವೇ ನಿಂತ. ಅಣ್ಣ ಸಿಮೆಂಟಿನ ಕೈಯನ್ನು ಟವೆಲಿಗೆ ಒರೆಸಿಕೊಂಡು, ಹೊಸ ಮೆಟ್ಟಿಲಿನ ಅಂಚಿಗೆ ಟೇಪಿನ ತುದಿಯನ್ನು ತಾನೇ ಒತ್ತಿ ಹಿಡಿದುಕೊಟ್ಟ.